ಇವತ್ತ ಯಾರ್ ಬಂದಿಲ್ಲ?

ಓಣಿಯ ಬಾಯಿಗೆ ಬರುವಷ್ಟರಲ್ಲೇ ಮಗ್ಗದ ಸದ್ದು ನಿಮ್ಮನ್ನು ಹಿಡಿಯುತ್ತದೆ. ಬನಹಟ್ಟಿ, ಗುರುವಾರ, ಸಂಜೆ ಆರೂವರೆ. ಎಡಗಡೆಯ ಮನೆಯಲ್ಲೂ ಪಾವರ್‌ಲೂಮ್, ಬಲಗಡೆಯ ಮನೆಯಲ್ಲೂ ಪಾವರ್‌ಲೂಮ್. ಖಟ್ ಖಟಾ, ಖಟ್ ಖಟಾ. ನೆಲದ ಸಣ್ಣ ನಡುಕ ಚಪ್ಪಲಿಯ ಅಟ್ಟೆ ದಾಟಿ ಕಾಲಿಗೇರುತ್ತದೆ. ಗಾಳಿಯಲ್ಲಿ ಹತ್ತಿಯ ಧೂಳು, ನೂಲಿಗೆ ಹಾಕಿದ ಗಂಜಿಯ ವಾಸನೆ, ಯಾರದೋ ಮನೆಯ ಬೆಳ್ಳುಳ್ಳಿ ಒಗ್ಗರಣೆ. ಇಲ್ಲಿಯವರ ದನಿ ಯಾಕೆ ಇಷ್ಟು ದೊಡ್ಡದು ಎಂಬುದು ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. ಈ ಸದ್ದಿನೊಳಗೇ ಹುಟ್ಟಿ, ಮಾತು ಕಲಿತು, ಜಗಳಾಡಿ, ಮದುವೆಯಾಗಿ ಬಾಳಿದವರು ಪಿಸುಮಾತು ಆಡುವುದಾದರೂ ಎಲ್ಲಿಂದ?

ನಿಮ್ಮ ಮುಂದೆ ಬಿರಬಿರನೆ ನಡೆಯುತ್ತಿರುವವರು ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿ ನಿವೃತ್ತರಾದವರು. ಶಾಲೆ ಬಿಟ್ಟರೂ ಆ ಹೆಸರು ಅವರನ್ನು ಬಿಟ್ಟಿಲ್ಲ. ಮನೆ ಜಮಖಂಡಿಯಲ್ಲಿ, ತವರು ಗುಳೇದಗುಡ್ಡ. ಬಾಸೆಲ್ ಮಿಷನ್ನಿನವರು 1851ರಲ್ಲಿ ಬಂದು ನೆಲೆ ಮಾಡಿದ, ಖಣದ ಬಟ್ಟೆಗೆ ಹೆಸರಾದ ಅದೇ ಗುಳೇದಗುಡ್ಡ. ಅಕ್ಕೋರ ಅಜ್ಜಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯುತ್ತಿದ್ದವರು. ಹಾಗಾಗಿ ಈ ಸದ್ದು ಅವರಿಗೆ ತೊಂದರೆಯಲ್ಲ, ತವರಿನ ಮಾತು. ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗೆ ಸತ್ಯವೇದ, ಕೀರ್ತನೆ ಪುಸ್ತಕ, ಚುರಮುರಿಯ ಪೊಟ್ಟಣ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಆ ನೋಟ್‌ಬುಕ್ಕಿನ ಮೇಲೆ ಒಂದು ಕಣ್ಣಿಡಿ.

ಪ್ರಾರ್ಥನಾ ಕೂಟ ನಡೆಯುವ ಮನೆಯ ಕದ ಪೂರ್ತಿ ತೆರೆದಿದೆ. ಒಳಗೆ ಎರಡು ಮಗ್ಗ. ಮಾಲಕರ ಮಗ್ಗ, ಮನೆಯವರ ಕೂಲಿ. ಮಗ್ಗಗಳ ನಡುವೆ, ಬೀಮಿನ ಪಕ್ಕ ಉಳಿದ ಜಾಗದಲ್ಲಿ ಜಮಖಾನೆ ಹಾಸಿದ್ದಾರೆ. ಕಂಡಿಕೆ ಸುತ್ತುತ್ತಿದ್ದ ಹುಡುಗಿ ರಾಟೆಯನ್ನು ಮೂಲೆಗೆ ಸರಿಸುತ್ತಾಳೆ. ಮನೆಯ ಯಜಮಾನ ಸ್ವಿಚ್ಚು ಆರಿಸುತ್ತಾನೆ. ಮಗ್ಗ ನಿಲ್ಲುತ್ತದೆ. ಮೀಟರಿನ ಲೆಕ್ಕದಲ್ಲಿ ನೇಯುವ ಮನೆಯಲ್ಲಿ ಒಂದೂವರೆ ತಾಸು ಮಗ್ಗ ನಿಲ್ಲಿಸುವುದೆಂದರೆ ಅಷ್ಟು ಮೀಟರು ಬಟ್ಟೆಯ ಮಜೂರಿ ಬಿಡುವುದು. ಕಾಣಿಕೆ ಡಬ್ಬಿಯಲ್ಲಿ ಬೀಳುವ ಚಿಲ್ಲರೆಗಿಂತ ಇದು ದೊಡ್ಡ ಕಾಣಿಕೆ. ಆದರೆ ಇದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ. ಪಕ್ಕದ ಮನೆಯ ಮಗ್ಗ ಮಾತ್ರ ನಿಲ್ಲುವುದಿಲ್ಲ. ಇನ್ನು ಮುಂದಿನ ಪ್ರಾರ್ಥನೆಯೆಲ್ಲ ಅದರ ತಾಳಕ್ಕೇ.

"ಬರ್ರಿ, ಕುಂಡ್ರ್ರಿ," ಎನ್ನುತ್ತ ನಿಮಗೂ ಗೋಡೆಯ ಕಡೆ ಜಾಗ ಬಿಡುತ್ತಾರೆ. ಬೆನ್ನಿಗೆ ಗೋಡೆ ಸಿಕ್ಕಿದ್ದು ನಿಮ್ಮ ಪುಣ್ಯ. ಅಕ್ಕೋರು ಕನ್ನಡಕ ಏರಿಸಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಾರೆ. ಹಾಡಿಲ್ಲ, ಪ್ರಾರ್ಥನೆಯಿಲ್ಲ, ಅವರ ಬಾಯಿಂದ ಬರುವ ಮೊದಲ ಮಾತು ಇದು:

"ಇವತ್ತ ಯಾರ್ ಬಂದಿಲ್ಲ?"

ನೋಟ್‌ಬುಕ್ಕು ತೆರೆಯುತ್ತದೆ. ಶಾಲೆಯ ಹಾಜರಿ ಪುಸ್ತಕದ ರೂಢಿಯೇ. ಅಡ್ಡ ಗೆರೆ, ಉದ್ದ ಗೆರೆ, ಹೆಸರು, ವಾರ. ಒಂದು ವ್ಯತ್ಯಾಸವಿದೆ. ಬಂದವರ ಮುಂದೆ ಬರೀ ಒಂದು ಗೀಟು. ಬಾರದವರ ಮುಂದೆ ಎರಡು ಸಾಲು ಬರಹ. ಮಗಳ ಬಾಣಂತನ. ಮಾಲಕರು ರಾತ್ರಿ ಪಾಳಿ ಹಾಕ್ಯಾರ. ಮೊಣಕಾಲ ನೋವು. ಇವತ್ತು ಒಬ್ಬಾಕೆಯ ಹೆಸರಿನ ಮುಂದೆ ಏನು ಬರೆಯಬೇಕೆಂದು ಯಾರಿಗೂ ಗೊತ್ತಿಲ್ಲ. "ಹ್ವಾದ ವಾರನೂ ಬಂದಿದ್ದಿಲ್ಲ," ಎನ್ನುತ್ತಾಳೆ ಕಂಡಿಕೆಯ ಹುಡುಗಿ. ಅಕ್ಕೋರು ಪೆನ್ನಿನ ಮುಚ್ಚಳ ಹಾಕಿ ಆ ಜಾಗವನ್ನು ಖಾಲಿ ಬಿಡುತ್ತಾರೆ.

ಹಾಡು ಶುರುವಾಗುತ್ತದೆ. ಧಾಟಿ ಭಜನೆಯದೇ, ತಾಳವೂ ಅದೇ. ಊರಿನ ಕಾಡಸಿದ್ಧೇಶ್ವರನ ಜಾತ್ರೆಯಲ್ಲಿ ರಾತ್ರಿಯಿಡೀ ಭಜನೆ ಕೇಳಿ ಬೆಳೆದ ಕಿವಿಗಳು ಬೇರೆ ಧಾಟಿಯನ್ನು ಎಲ್ಲಿಂದ ತಂದಾವು? ಆಮೇಲೆ ಓದು. ಇವತ್ತಿನ ಪಾಠ ಯೋಬನ ಪುಸ್ತಕದ ಏಳನೆಯ ಅಧ್ಯಾಯ. ಮೈತುಂಬ ಹುಣ್ಣಾಗಿ, ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬ ದೇವರ ಎದುರಿಗೇ ದೂರು ಹೇಳುವ ಭಾಗ. ಅದರಲ್ಲಿ ನೇಕಾರರ ಮಾತೊಂದು ಬರುತ್ತದೆ. ನನ್ನ ದಿನಗಳು ಮಗ್ಗದ ಲಾಳಿಗಿಂತ ವೇಗವಾಗಿ ಓಡಿ, ಏನೊಂದು ಆಸೆಯೂ ಇಲ್ಲದೆ ಮುಗಿದುಹೋಗುತ್ತಿವೆ ಎಂಬ ಅರ್ಥದ ಮಾತು. ಹುಡುಗಿ ಓದಿ ನಿಲ್ಲಿಸುತ್ತಾಳೆ. ಜಮಖಾನೆಯ ಮೇಲೆ ಕೂತವರೆಲ್ಲರ ಕಣ್ಣೂ ತಾನಾಗಿಯೇ ಮಗ್ಗದ ಕಡೆ ಹೋಗುತ್ತದೆ. ಲಾಳಿ ಅರ್ಧ ದಾರಿಯಲ್ಲಿ ನಿಂತಿದೆ.

ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ಅಕ್ಕೋರೂ ಅವಸರ ಮಾಡುವುದಿಲ್ಲ. ನಾನು ಕಂಡ ಎಷ್ಟೋ ಉಪದೇಶಕರು ಇಲ್ಲಿಂದ ನೇರ ನಲವತ್ತೆರಡನೆಯ ಅಧ್ಯಾಯಕ್ಕೆ ಹಾರುತ್ತಾರೆ. ಅಲ್ಲಿ ಯೋಬನಿಗೆ ಎಲ್ಲವೂ ಎರಡರಷ್ಟಾಗಿ ಮರಳುತ್ತದೆ, ಕುರಿ, ಒಂಟೆ, ಎತ್ತು ಸಮೇತ. ಕೇಳಿದವರು ಸಮಾಧಾನವಾಗಿ ಮನೆಗೆ ಹೋಗುತ್ತಾರೆ, ಬೆಳಗಾದರೆ ಅದೇ ಬೀಮು, ಅದೇ ಮಜೂರಿ. ಅಕ್ಕೋರು ಏಳರಲ್ಲೇ ಕೂರುತ್ತಾರೆ.

ಕೊನೆಗೆ ಮೂಲೆಯಿಂದ ಕಾಕಾ ಕೆಮ್ಮುತ್ತಾರೆ. ಹುಡುಗನಾಗಿದ್ದಾಗಿನಿಂದ ನೇಯ್ದವರು. ಈಗ ಕಣ್ಣು ಮಂಜು, ಬಲಗಿವಿ ಮಂದ.

"ಲಾಳಿ ಜೋರ ಓಡತೈತಿ, ಅದು ಖರೇ ರೀ ಅಕ್ಕೋರ. ಆದ್ರ ಖಾಲಿ ಓಡಂಗಿಲ್ಲ. ಹ್ವಾದ ಸರತಿಗೊಮ್ಮಿ ಒಂದ ಎಳಿ ಬಿಟ್ಟ ಬರತೈತಿ."

"ಎಳಿ ಹರದ್ರ?" ಅವರ ಹೆಂಡತಿ ಒಳಗಿನ ಕಟ್ಟೆಯಿಂದಲೇ ಕೇಳುತ್ತಾರೆ.

"ಹರದ್ರ ಗಂಟ ಹಾಕೂದು. ನಲವತ್ತ ವರ್ಷ ಏನ್ ಮಾಡೀನಿ ಮತ್ತ?"

ನಗು ಏಳುತ್ತದೆ. ಆದರೆ ಕಾಕಾ ನಗುತ್ತಿಲ್ಲ. ಯೋಬ ಬಿಟ್ಟ ಮಾತನ್ನು ಹಿಡಿದು ಮುಂದುವರಿಸಿದ ತೃಪ್ತಿ ಅವರ ಮುಖದಲ್ಲಿ ಇದೆ. ಅಕ್ಕೋರು ಅದರ ಮೇಲೆ ಒಂದು ಅಕ್ಷರವನ್ನೂ ಸೇರಿಸದೆ "ಪ್ರಾರ್ಥನಾ ವಿಷಯ ಹೇಳ್ರಿ" ಎನ್ನುತ್ತಾರೆ. ಶಾಲೆಯ ಫೀಜು. ಮಗನ ಕುಡಿತ. ಮೂರು ದಿನದಿಂದ ನೂಲು ಬಂದಿಲ್ಲ, ಮಗ್ಗ ಖಾಲಿ. ಒಬ್ಬ ಹುಡುಗನಿಗೆ ಐಟಿಐ ಸೀಟು ಸಿಕ್ಕಿದೆ, ಅದಕ್ಕೆ ಸ್ತೋತ್ರ. ಪಕ್ಕದ ಮನೆಯ ಲಿಂಗಾಯತರ ಅವ್ವ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಾರೆ. ಅವರೂ ಒಂದು ವಿಷಯ ಕೊಡುತ್ತಾರೆ, "ನಮ್ಮ ಎಮ್ಮಿ ಹಾಲ ಕೊಡವಲ್ದು ನೋಡ್ರಿ." ಎಮ್ಮೆಯೂ ಪಟ್ಟಿಗೆ ಸೇರುತ್ತದೆ.

ಕದ ಯಾಕೆ ಇಷ್ಟು ಅಗಲ ತೆರೆದಿದೆ ಎಂದು ನಿಮಗೆ ಅನ್ನಿಸಿರಬಹುದು. ಉತ್ತರ ಕರ್ನಾಟಕದಲ್ಲಿ ಮನೆಯೊಳಗೆ ಹತ್ತು ಜನ ಕೂತು ಪ್ರಾರ್ಥಿಸಿದರೆ ಅನುಮಾನದ ಕಣ್ಣು ಬೀಳುವ ಕಾಲವೊಂದು ಬಂತು. ಮತಾಂತರ ತಡೆ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪಾಸಾಯಿತು, 2022ರಲ್ಲಿ ಕಾಯ್ದೆಯಾಯಿತು, ಅದನ್ನು ಹಿಂಪಡೆಯಲು 2023ರ ಜೂನಿನಲ್ಲಿ ಮಂತ್ರಿಮಂಡಲ ತೀರ್ಮಾನಿಸಿತು. ಈ ಏರಿಳಿತದಲ್ಲಿ ಅಕ್ಕೋರು ಮಾಡಿಕೊಂಡ ನೇಮ ಒಂದೇ. "ಕದಾ ತಗದ ಕುಂಡ್ರೂದು. ಯಾರರ ಬಂದ್ರ ಚಹಾ ಕೊಡೂದು." ಈ ಸೀಮೆಗೆ ಕೂಟ ಹೊಸದೇನಲ್ಲ ಎಂಬುದು ಅವರ ವಾದ. ಮಠದಲ್ಲಿ ಶಿವಾನುಭವ ನಡೆಯುತ್ತದೆ, ಗುಡಿಯ ಕಟ್ಟೆಯ ಮೇಲೆ ಭಜನೆ ನಡೆಯುತ್ತದೆ, ಇದೂ ಒಂದು.

ಚಹಾ, ಚುರಮುರಿ ಮುಗಿದು ಜನ ಏಳುತ್ತಾರೆ. ಮಗ್ಗದ ಸ್ವಿಚ್ಚು ಬೀಳುತ್ತದೆ. ಅರ್ಧ ದಾರಿಯಲ್ಲಿದ್ದ ಲಾಳಿ ಕೆಲಸಕ್ಕೆ ಮರಳುತ್ತದೆ.

ನೀವು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರೆ ಅಕ್ಕೋರು ಉಲ್ಟಾ ದಿಕ್ಕಿಗೆ ನಡೆಯುತ್ತಾರೆ. ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟ ಜಾಗ ಇನ್ನೂ ತುಂಬಿಲ್ಲವಲ್ಲ. ರಬಕವಿಯ ಕಡೆಗೆ ಓಣಿ ಮೇಲೆ ಓಣಿ. ಇವತ್ತು ಒಂದೇ ನಗರಸಭೆಯ ಕೆಳಗೆ ಒಂದೇ ಉಸಿರಿನಲ್ಲಿ ಕರೆಸಿಕೊಳ್ಳುವ ರಬಕವಿ-ಬನಹಟ್ಟಿ ಸಂಸ್ಥಾನಗಳ ಕಾಲದಲ್ಲಿ ಬೇರೆ ಬೇರೆ ಒಡೆಯರ ಊರುಗಳು. ರಬಕವಿ ಸಾಂಗ್ಲಿಗೆ, ಬನಹಟ್ಟಿ ಜಮಖಂಡಿಗೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ಬ್ರಿಟಿಷರ ಜಿಲ್ಲೆಯಲ್ಲಿ. ಪಡುವಣದ ಬೆಳಗಾವಿಗೆ ಲಂಡನ್ ಮಿಷನ್ 1820ರಲ್ಲೇ ಬಂದಿತ್ತು, 1904ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟರು ವಹಿಸಿಕೊಂಡರು. ಮೂಡಣಕ್ಕೆ ಬಾಸೆಲ್‌ನವರ ಗುಳೇದಗುಡ್ಡ. ಅಕ್ಕೋರು ಕೂಟಕ್ಕೆಂದು ತಿರುಗುವ ನಾಲ್ಕು ಊರು, ಬನಹಟ್ಟಿ, ಮುಧೋಳ, ಬೀಳಗಿ, ಜಮಖಂಡಿ, ಈ ಎರಡರ ನಡುವೆ.

ಮೆಥಡಿಸ್ಟರ ಹೆಸರು ಬಂದದ್ದಕ್ಕೆ ಒಂದು ಹಳೆಯ ಕಥೆ ಹೇಳಬೇಕು. ಹೇಗೂ ಓಣಿ ಉದ್ದವಿದೆ. 1742ರ ಫೆಬ್ರವರಿ 15, ಇಂಗ್ಲೆಂಡಿನ ಬ್ರಿಸ್ಟಲ್. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯ ಜನ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದಾರೆ. ಫಾಯ್ ಎಂಬ ಹಡಗಿನ ಕಪ್ತಾನ, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದ. ಬಡವರು ಎಲ್ಲಿಂದ ಕೊಡುತ್ತಾರೆ ಎಂದು ಯಾರೋ ಕೇಳಿದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರ ಮನೆಗೆ ನಾನೇ ಹೋಗುತ್ತೇನೆ, ಕೊಡಲಾರದವರದನ್ನು ನಾನೇ ಹಾಕುತ್ತೇನೆ ಎಂದ ಕಪ್ತಾನ. ಉಳಿದವರೂ ಹಾಗೇ ಹಂಚಿಕೊಂಡರು. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಪೆನ್ನಿಗಿಂತ ಬೇರೆ ಸಂಗತಿಗಳು ಕಂಡವು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾರು ಯಾರನ್ನು ಹೊಡೆಯುತ್ತಿದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ. ತಾನು ಬಹುಕಾಲದಿಂದ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಗೆ ಅನ್ನಿಸಿತು. ಸಾಲ ವಸೂಲಿಗೆ ಮಾಡಿದ ಹನ್ನೆರಡು ಹನ್ನೆರಡು ಜನರ ಗುಂಪುಗಳು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕೂಟಗಳಾದವು. ಇಂದು ಜಗತ್ತಿನ ಚರ್ಚುಗಳಲ್ಲಿ ನಡೆಯುವ ಮನೆಕೂಟಗಳ ವಂಶದಲ್ಲಿ ಈ ಕಪ್ತಾನನೂ ಒಬ್ಬ ಹಿರಿಯ.

ಈ ಕಥೆ ನಿಜವಾಗಿ ಅರ್ಥವಾಗಲು ರಬಕವಿಯ ಈ ಓಣಿಯಲ್ಲೇ ನಿಲ್ಲಬೇಕು. ಇಲ್ಲಿಯೂ ವಾರವಾರ ಒಬ್ಬ ಬರುತ್ತಾನೆ. ಬೈಕು, ಬೆನ್ನಿಗೆ ಚೀಲ, ಕೈಯಲ್ಲಿ ಯಂತ್ರ. ಸಂಘದ ಸಾಲದ ಕಂತು. ಹತ್ತು ಹೆಂಗಸರ ಗುಂಪು, ಒಬ್ಬಾಕೆ ಕಟ್ಟದಿದ್ದರೆ ಉಳಿದ ಒಂಬತ್ತು ಜನ ಆಕೆಯ ಕಟ್ಟೆಯ ಮೇಲೆ ಕೂರಬೇಕು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲೆಂದು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಷ್ಟರೊಳಗೆ ಹಲವು ಜಿಲ್ಲೆಗಳಿಂದ ಆತ್ಮಹತ್ಯೆಯ ಸುದ್ದಿ ಬಂದಿತ್ತು. ಅದೇ ಓಣಿ, ಅದೇ ಕದ, ಅದೇ ವಾರದ ಲೆಕ್ಕ. ಒಬ್ಬ ಬಂದು ಕಂತು ಎಲ್ಲಿ ಎಂದು ಕೇಳುತ್ತಾನೆ. ಇನ್ನೊಬ್ಬರು ಬಂದು ನೀನು ಎಲ್ಲಿ ಎಂದು ಕೇಳುತ್ತಾರೆ.

ಕದ ಅರ್ಧ ತೆರೆಯುತ್ತದೆ. ಎರಡು ವಾರ ಬಾರದವಳು ಒಳಗೇ ಇದ್ದಾಳೆ. ಗುರುವಾರವೇ ಅವಳ ಕಂತಿನ ದಿನ. ಕಟ್ಟಲು ದುಡ್ಡಿಲ್ಲ. ಕೂಟಕ್ಕೆ ಹೋದರೆ ಸಂಘದ ಹೆಂಗಸರು ಎದುರಾಗುತ್ತಾರೆ. "ಮಾರಿ ತೋರ್ಸಾಕ ನಾಚಿಕಿ ಬರತೈತ್ರಿ ಅಕ್ಕೋರ." ಅಕ್ಕೋರು ದುಡ್ಡು ಕೊಡುವುದಿಲ್ಲ. ಅವರ ಪಿಂಚಣಿಯಲ್ಲಿ ಅದು ಆಗುವ ಮಾತೂ ಅಲ್ಲ. ಚಾಪೆಯ ಮೇಲೆ ಕೂತು ಪಾಸ್‌ಬುಕ್ಕು ತರಿಸಿ ಎಷ್ಟು ಕಟ್ಟಿದೆ, ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ಬೈಕಿನವನ ಜೊತೆ ಮುಂದಿನ ವಾರ ತಾವೇ ಮಾತಾಡುವುದಾಗಿ ಹೇಳುತ್ತಾರೆ. "ನೀ ಬಾ. ಬೇಕಾದ್ರ ಹಿಂದಿನ ಓಣಿಯಿಂದ ಬಾ." ಪ್ರಾರ್ಥನೆ ಎರಡೇ ನಿಮಿಷ. ಹೊರಗೆ ಬಂದು ಬೀದಿದೀಪದ ಕೆಳಗೆ ನಿಂತು ಖಾಲಿ ಜಾಗದಲ್ಲಿ ಬರೆಯುತ್ತಾರೆ, ಕಂತು.

ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ನೀವು ಕೇಳಿದರೆ ಅವರು ನೋಟ್‌ಬುಕ್ಕಿನ ಹಿಂದಿನ ಪುಟವೊಂದನ್ನು ತಿರುವಿ ತೋರಿಸುತ್ತಾರೆ. ಹಳೆಯ ಪುಸ್ತಕದಿಂದ ಕಿತ್ತು ಅಂಟಿಸಿದ ಹಾಳೆ. ಲಾಕ್‌ಡೌನಿನ ಕಾಲ. ಸೀರೆ ಕೇಳುವವರಿಲ್ಲ, ಮಗ್ಗ ನಿಂತಿವೆ, ಕೂಟವೂ ನಿಂತಿದೆ. ಎಲ್ಲ ಹೆಸರಿನ ಮುಂದೆ "ಫೋನ್, ಆರಾಮ" ಎಂದು ಬರೆದಿದೆ. ಒಂದು ಹೆಸರಿನ ಮುಂದೆ ಹಾಗೆ ಎರಡು ವಾರ ಇದೆ, ಮೂರನೆಯ ವಾರದಿಂದ ಏನೂ ಇಲ್ಲ.

"ಫೋನಿನಾಗ ಎಲ್ಲಾರೂ ಆರಾಮ ಇರತಾರ್ರೀ," ಎನ್ನುತ್ತಾರೆ ಅಕ್ಕೋರು. ಪುಟ ಮುಚ್ಚುತ್ತಾರೆ.

ಶುಕ್ರವಾರ ಮುಧೋಳ. ಹೊರಗಿನವರಿಗೆ ಮುಧೋಳ ಎಂದರೆ ರನ್ನ, ಬೇಟೆನಾಯಿ, ಸಕ್ಕರೆ ಕಾರ್ಖಾನೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟುವಷ್ಟರಲ್ಲಿ ನಿಮ್ಮ ಬಸ್ಸು ಅರ್ಧ ತಾಸು ತಡ. ಕೂಟ ಘಟಪ್ರಭೆಯ ಕಡೆಯ ಒಂದು ಮನೆಯಲ್ಲಿ. ಗೋಡೆಯ ಮೇಲೆ ಆಳೆತ್ತರದಲ್ಲಿ ಒಂದು ಕಂದು ಗೆರೆ ಓಡಿದೆ. 2019ರ ಆಗಸ್ಟಿನಲ್ಲಿ ಹೊಳೆ ಒಳಗೆ ಬಂದು ನಿಂತ ಗುರುತು. ಎರಡು ಸಲ ಸುಣ್ಣ ಹೊಡೆಸಿದರೂ ಮತ್ತೆ ಮೂಡುತ್ತದಂತೆ.

ಇಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಒಂಟಿ ಹೆಂಗಸರು. ಕೆಲವರಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿದ್ದರು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಆದರೆ ಕಾಯ್ದೆ ಪುಸ್ತಕದಿಂದ ಕೇರಿಗೆ ನಡೆದು ಬರಲು ಹಿಡಿದ ಕಾಲದಲ್ಲಿ ಇವರ ಬಾಲ್ಯ ಮುಗಿದೇ ಹೋಗಿತ್ತು. ಆಮೇಲೆ ಬಂದದ್ದು ಎಚ್‌ಐವಿ. ಬಾಗಲಕೋಟೆ ಜಿಲ್ಲೆ ಆ ಕಾಯಿಲೆಯ ಭಾರವನ್ನು ರಾಜ್ಯದ ಬಹುತೇಕ ಜಿಲ್ಲೆಗಳಿಗಿಂತ ಹೆಚ್ಚು ಹೊತ್ತಿತು. ಸರಕಾರ ಎಆರ್‌ಟಿ ಗುಳಿಗೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಆ ದಿನದವರೆಗೆ ಬದುಕಿ ಉಳಿದವರು ಈಗಲೂ ಇದ್ದಾರೆ.

ಪ್ರಾರ್ಥನೆ ನಡೆಯುತ್ತಿರುವಾಗ ರಾತ್ರಿ ಎಂಟಕ್ಕೆ ಒಂದು ಫೋನು ಕೀಕೀ ಎಂದು ಅರಚುತ್ತದೆ. ಅಲಾರಾಂ. ನೀವು ಗಾಬರಿಯಾಗಿ ಕಣ್ಣು ತೆರೆಯುತ್ತೀರಿ, ಬೇರೆ ಯಾರೂ ತೆರೆಯುವುದಿಲ್ಲ. ಪ್ರಾರ್ಥಿಸುತ್ತಿರುವಾಕೆ ದನಿ ಕೂಡ ಇಳಿಸುವುದಿಲ್ಲ. ಒಬ್ಬಾಕೆ ಸೆರಗಿನ ಗಂಟಿನಿಂದ ಗುಳಿಗೆ ತೆಗೆಯುತ್ತಾಳೆ, ಪಕ್ಕದವಳು ಕಣ್ಣು ಮುಚ್ಚಿಕೊಂಡೇ ನೀರಿನ ತಂಬಿಗೆಯನ್ನು ಆಕೆಯ ಕಡೆ ಸರಿಸುತ್ತಾಳೆ. ಗುಟುಕು. ಆಮೆನ್ ಎಲ್ಲರ ಜೊತೆಗೇ. ಒಂದು ಕಾಲಕ್ಕೆ ಇದೇ ಹೆಂಗಸಿಗೆ ಲೋಟ ಬೇರೆ, ತಾಟು ಬೇರೆ ಇತ್ತು ಎಂಬುದನ್ನು ಹೊರಗೆ ಬಂದ ಮೇಲೆ ಅಕ್ಕೋರು ಹೇಳುತ್ತಾರೆ. ಆಕೆಯ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಕೂಟ ಅದಕ್ಕೆ ಮಾಡಿದ್ದು ದೊಡ್ಡದೇನಲ್ಲ. ಅರ್ಜಿ ತುಂಬಿಸಿತು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಯ ಪಾಳಿಯಲ್ಲಿ ಜೊತೆಗೆ ನಿಂತಿತು. ಆದರೆ ಮಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆ ಬಂದಾಗ ಆ ತಾಯಿಯ ಪಕ್ಕ ಇನ್ನೊಬ್ಬರು ನಿಂತಿರುವುದು ಎಷ್ಟು ದೊಡ್ಡದು ಎಂಬುದನ್ನು ನಾನು ಬರೆದು ತಿಳಿಸಲಾರೆ.

ಶನಿವಾರ ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರು ಇಲ್ಲಿ ಅಚ್ಚುಕಟ್ಟಾದ ನೇರ ರಸ್ತೆಗಳ ನಡುವೆ ಬೇರಿಲ್ಲದೆ ಬಾಳುತ್ತಿದ್ದಾರೆ. ಇಲ್ಲಿ ಓದು ಬಾರದ ಮುದುಕಿಗೂ ಎರಡು ಅಂಕಿ ಬಾಯಿಪಾಠ. 519.60 ಮೀಟರ್ ಈಗ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಗರಿಷ್ಠ ಮಟ್ಟ. 524.256 ಮೀಟರ್ 2010ರ ಡಿಸೆಂಬರಿನಲ್ಲಿ ಜಲವಿವಾದ ನ್ಯಾಯಮಂಡಳಿ ಒಪ್ಪಿದ, ಇನ್ನೂ ಏರಬೇಕಾದ ಮಟ್ಟ. ನಡುವಿನ ನಾಲ್ಕೂವರೆ ಮೀಟರಿನಲ್ಲಿ ಇನ್ನಷ್ಟು ಊರುಗಳಿವೆ. ಆ ಊರುಗಳಲ್ಲಿ ಮನೆಗೆ ಹೊಸ ಹೆಂಚು ಹಾಕಿಸಬೇಕೋ ಬೇಡವೋ, ಮಗಳ ಮದುವೆಗೆ ಹೊಲ ಮಾರಿದರೆ ಪರಿಹಾರ ಯಾರಿಗೆ, ಎಲ್ಲವೂ ಮುಳುಗಡೆಯ ಮಾತೇ.

ಇಲ್ಲಿ ಓದಿದ್ದು ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟ ವಿಧವೆಯ ಕಥೆ. ಬರಗಾಲ. ಆಕೆಯ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ. ಎರಡು ಕಟ್ಟಿಗೆ ಆಯ್ದು, ಕೊನೆಯ ರೊಟ್ಟಿ ಮಾಡಿ, ಮಗನ ಜೊತೆ ತಿಂದು ಸಾಯುವುದೆಂದು ಹೊರಟವಳು. ಆಗ ಪ್ರವಾದಿ ಬಂದು, ಮೊದಲು ನನಗೊಂದು ಮಾಡಿಕೊಡು ಎನ್ನುತ್ತಾನೆ.

"ಎಂಥಾ ಪ್ರವಾದಿರೀ ಇಂವಾ!" ಎನ್ನುತ್ತಾಳೆ ಒಬ್ಬ ಅಜ್ಜಿ, ಕಥೆ ಮುಗಿಯಲೂ ಬಿಡದೆ. "ಸಾಯಾಕ್ಹತ್ತಿದ ಹೆಂಗಸಿನ ಕೈಯಾಗ ಮೊದಲ ನನಗ ಕೊಡು ಅಂತಾನ. ಗಂಡಸರ ಬುದ್ಧಿನಽ ಇಷ್ಟ."

ಅಕ್ಕೋರು ಬಿದ್ದು ಬಿದ್ದು ನಗುತ್ತಾರೆ. ಪುಸ್ತಕ ಮಡಿಲಿನಿಂದ ಜಾರುತ್ತದೆ. ನಗು ನಿಂತ ಮೇಲೆ ಅಜ್ಜಿಯೇ ಮುಂದುವರಿಸುತ್ತಾಳೆ, ದನಿ ತುಸು ತಗ್ಗಿಸಿ, "ಆದ್ರ ಕೇಳಿದ್ದು ಬೇಸ ಮಾಡಿದ. ಇಲ್ಲಂದ್ರ ತಿಂದ ಸಾಯತಿದ್ಲು. ಮನಿಗಿ ಮಂದಿ ಬಂದಾಗ ಸಾಯಾಕ ಆಗತೈತೇನು?" ಮಡಕೆಯ ಹಿಟ್ಟು ತೀರಲಿಲ್ಲ ಎಂಬ ಪವಾಡದ ಭಾಗ ಆಮೇಲೆ ಬಂತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಜಮಖಂಡಿಯ ಕೂಟ ಅಕ್ಕೋರ ಮನೆಯಲ್ಲೇ, ಮಂಗಳವಾರ. ನೌಕರಿಯವರು, ಕಾಲೇಜಿನ ಹುಡುಗರು, ಫ್ಯಾನು, ಪ್ಲಾಸ್ಟಿಕ್ ಕುರ್ಚಿ. ಅದರ ಬಗ್ಗೆ ಹೇಳುವಂಥದ್ದು ಕಡಿಮೆ. ನಾಲ್ಕರಲ್ಲಿ ಜನ ಕೈಗಡಿಯಾರ ನೋಡಿಕೊಳ್ಳುವ ಕೂಟ ಅದೊಂದೇ. ಹೇಳಬೇಕಾದ್ದು ಆ ಮನೆಯಲ್ಲಿ ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತಿಡುತ್ತ ಅಕ್ಕೋರು ಆಡಿದ ಮಾತು. ಇಷ್ಟು ಊರು ತಿರುಗಿ ಇಷ್ಟು ಜನಕ್ಕೆ ಧೈರ್ಯ ಕೊಡುತ್ತೀರಲ್ಲ ಎಂದು ನೀವು ಏನೋ ಒಳ್ಳೆಯ ಮಾತಾಡಲು ಹೋಗುತ್ತೀರಿ.

"ನಾ ಇವರನ್ನ ನಡಸ್ತೀನಿ ಅಂತ ಬರೀಬ್ಯಾಡ್ರಿ ಮತ್ತ," ಎನ್ನುತ್ತಾರೆ. "ನಮ್ಮವರು ಹೋದ ಮ್ಯಾಲ ನಾ ಎಷ್ಟ ದಿನ ಜಳಕಾ ಮಾಡಿದ್ದಿಲ್ಲ ಗೊತ್ತೇನು? ಗುರುವಾರ ಬಂತಂದ್ರ ಏಳಾಕ ಒಂದ ನೆವಾ ಆತು. ಆ ನೆವಾ ಕೊಟ್ಟಾರಲ್ಲ, ಅದಕ್ಕ ದಿನಾ ಸ್ತೋತ್ರ ಹೇಳ್ತೀನಿ. ಅವರು ನನಗ ಹೇಳೂದಲ್ಲ, ನಾ ಅವರಿಗಿ ಹೇಳೂದು."

ನನ್ನ ಕೇಳಿದರೆ, ದೇವರು ಮತ್ತು ಈ ಜನರ ನಂತರ ಕೃತಜ್ಞತೆ ಸಲ್ಲಬೇಕಾದ್ದು ಬಸ್ಸಿಗೆ. ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದಕ್ಕೆ ಮೊದಲು ಬೀಳಗಿಯ ಅಜ್ಜಿಗೆ ಮುಧೋಳದ ಕೂಟದವರ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಈಗ ಯಾರಿಗೋ ಆಪರೇಷನ್ ಎಂದರೆ ಮೂರು ಊರಿನಿಂದ ಬುತ್ತಿ ಬರುತ್ತದೆ.

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ನಾಲ್ಕೂ ಕೂಟದವರು ಸೇರಿ ಸುಗ್ಗಿಯ ಕೃತಜ್ಞತಾ ಆರಾಧನೆ ಮಾಡುತ್ತಾರೆ. ಈ ಸಲ ಮುಧೋಳದ ಪಾಳಿ. ಮುಂದೆ ಬಟ್ಟೆ ಹಾಸಿ ಕಾಣಿಕೆ ಜೋಡಿಸಿದ್ದಾರೆ. ಬಿಳಿಜೋಳದ ಚೀಲ, ಮಹಾಲಿಂಗಪುರದ ಬೆಲ್ಲದ ಪೆಂಟೆ, ತೇರದಾಳದ ಅರಿಶಿಣ, ಕುಂಬಳಕಾಯಿ, ಲಿಂಬೆ, ಬನಹಟ್ಟಿಯಿಂದ ಒಂದು ಸೀರೆ. ಸೀರೆಯನ್ನು ನೇಯ್ದವರು ಕಾಕಾ ಅಲ್ಲ, ಅವರ ಮಗ. ಆದರೆ ಅಂಚಿನಲ್ಲಿ ಎಳೆ ಹರಿದು ಗಂಟು ಹಾಕಿದ ಜಾಗವನ್ನು ಕಾಕಾ ಹುಡುಕಿ ಬಂದವರಿಗೆಲ್ಲ ತೋರಿಸುತ್ತಿದ್ದಾರೆ, ಮಗನಿಗೆ ಮುಜುಗರ. ಕಂತಿನ ಗುರುವಾರದವಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಸಾಲ ತೀರಿಲ್ಲ, ಮುಖ ಮರೆಸಿಕೊಂಡೂ ಇಲ್ಲ. ಬೀಳಗಿಯ ಅಜ್ಜಿ ತಂದದ್ದು ಜವಾರಿ ಕೋಳಿ, ಕಾಲು ಕಟ್ಟಿ, ಬುಟ್ಟಿಯಲ್ಲಿ. ಪ್ರಾರ್ಥನೆಯ ಉದ್ದಕ್ಕೂ ಅದು ತನ್ನ ಅಭಿಪ್ರಾಯ ಹೇಳುತ್ತಲೇ ಇತ್ತು.

ಆರಾಧನೆ ಮುಗಿದರೆ ಲಿಲಾವು. ಕಾಣಿಕೆಗಳನ್ನು ಕೂಗಿ ಮಾರಿ ಬಂದ ದುಡ್ಡು ಕಷ್ಟದಲ್ಲಿರುವವರಿಗೆ. ಐಟಿಐ ಸೀಟು ಸಿಕ್ಕ ಹುಡುಗನೇ ಕೂಗುವವನು. ಒಂದು ಲಿಂಬೆಹಣ್ಣು ಹತ್ತು ರೂಪಾಯಿಯಿಂದ ಶುರುವಾಗಿ ಇನ್ನೂರಕ್ಕೆ ಹೋಗುತ್ತದೆ, ಕೊಂಡವನು ಅದನ್ನು ಮತ್ತೆ ಲಿಲಾವಿಗೇ ಇಡುತ್ತಾನೆ. ಕೋಳಿಯ ಸರದಿ ಬರುತ್ತದೆ. ಮುಧೋಳದವರು ಏರಿಸುತ್ತಾರೆ, ಜಮಖಂಡಿಯವರು ಬಿಡುವುದಿಲ್ಲ, ಒಂದ್ ಸಲ, ಎರಡ್ ಸಲ ಎನ್ನುವಾಗ ಅಕ್ಕೋರು ಕೈ ಎತ್ತುತ್ತಾರೆ. ಮೂರ್ ಸಲ! ಅಜ್ಜಿ ಎದ್ದು ಬಂದು ಬೈಯತೊಡಗುತ್ತಾಳೆ, "ಖೋಡಿ, ಇಷ್ಟ ರೊಕ್ಕಾ ಯಾಕ ಕೊಟ್ಟಿ? ಮನಿಗಿ ಬಂದಿದ್ರ ಸುಮ್ಮನ ಕೊಡತಿದ್ನೆಲ್ಲ!"

ಸಂಜೆ ಜಮಖಂಡಿ ಬಸ್ಸು. ಅಕ್ಕೋರ ಮಡಿಲಲ್ಲಿ ಬುಟ್ಟಿ, ಬುಟ್ಟಿಯಿಂದ ಕುತ್ತಿಗೆ ಹೊರಗೆ ಹಾಕಿ ಕೋಳಿ ಕಿಟಕಿ ನೋಡುತ್ತಿದೆ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಅಕ್ಕೋರಿಗೆ ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ. ನಿಮ್ಮ ದುಡ್ಡು ತೆಗೆದುಕೊಳ್ಳುತ್ತಾನೆ. ಆಮೇಲೆ ಬುಟ್ಟಿಯ ಕಡೆ ಬೆರಳು ತೋರಿಸುತ್ತಾನೆ.

"ಇದಕ್ಕ ಅರ್ಧ ಟಿಕೀಟ್ ಆಗತೈತ್ರಿ ಬಾಯಾರ."

"ಹೆಣ್ಣ ಕೋಳಿ ಐತೋ ತಮ್ಮಾ," ಎನ್ನುತ್ತಾರೆ ಅಕ್ಕೋರು, ಪರ್ಸು ಬಿಚ್ಚುತ್ತಲೇ.